ಭಂಡಾರ ಮುಟ್ಟಿದ ಮೇಲೆ

ಅಪ್ಪನ ಎಡಗೈ ಕೊಟ್ಟೂರಿನ ಶೇಂಗಾ ಮಿಲ್ಲಿನ ಬೆಲ್ಟಿಗೆ ಸಿಕ್ಕಾಗ ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೆ. ಹೆಬ್ಬೆಟ್ಟು ಮತ್ತು ಪಕ್ಕದ ಎರಡು ಬೆರಳು ಹೋದವು. ಬಳ್ಳಾರಿ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುತ್ತಿದ್ದ ಮುದುಕರೊಬ್ಬರು, ನಾನು ಓದುವ ಹುಡುಗಿ ಎಂದು ತಿಳಿದು, ಪಕ್ಕಕ್ಕೆ ಕರೆದರು.

“ಕೆಲಸದಾಗ ಪೆಟ್ಟಾದ್ರ ಮಾಲಕರು ಪರಿಹಾರ ಕೊಡಬೇಕಂತ ಕಾನೂನೈತಿ. ಕೊಡಲಿಲ್ಲಂದ್ರ ಇಲ್ಲೇ ಬಳ್ಳಾರಿ ಲೇಬರ್ ಆಫೀಸಿನಾಗ ಅರ್ಜಿ ಹಾಕ್ಬೇಕು. ಎರಡು ವರ್ಷದೊಳಗ ಹಾಕ್ರಿ, ಮರೀಬ್ಯಾಡ್ರಿ.”

ನಾನು ಮರೆಯಲಿಲ್ಲ. ಮರೆತಿದ್ದರೆ ಇವತ್ತಿಗೂ ಇಷ್ಟು ಸಂಕಟ ಪಡುತ್ತಿರಲಿಲ್ಲ.

ಅಪ್ಪ ಮನೆಗೆ ಬಂದ ಮೂರನೇ ದಿನ ಮಿಲ್ಲಿನ ಸಾಹುಕಾರರು ಕಾನಹೊಸಹಳ್ಳಿ ಹತ್ತಿರದ ನಮ್ಮೂರಿಗೆ ಬಂದು ಕಂಬಳಿ ಮೇಲೆ ಕೂತರು. ನಮ್ಮದು ಕುರಿ ಸಾಕಿದ ಮನೆತನ. ಏನೇ ಗಟ್ಟಿ ಮಾತಾಗಬೇಕಾದರೂ ಮನೆದೇವರ ಭಂಡಾರ, ಅಂದರೆ ಅರಿಸಿನದ ಪುಡಿ, ಮುಟ್ಟಿಯೇ ಆಗಬೇಕು. ಅದಾದ ಮೇಲೆ ಕಾಗದ ಗೀಗದ ಕೇಳಿದರೆ ದೇವರನ್ನೇ ನಂಬಲಿಲ್ಲ ಎಂದು ಲೆಕ್ಕ.

“ನಾನಿರೋತನಕ ನಿನ್ನ ನಡುನೀರಿನಾಗ ಬಿಡಲ್ಲ” ಅಂದರು ಸಾಹುಕಾರರು.

“ನಿಮ್ಮ ಮ್ಯಾಲೆ ನಾನು ಕೋರ್ಟು ಕಚೇರಿ ಹತ್ತಲ್ರಿ” ಅಂದ ಅಪ್ಪ.

ಇಬ್ಬರೂ ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡರು. ದೇವರ ಜಗಲಿಯಿಂದ ಭಂಡಾರದ ಬಟ್ಟಲು ತಂದು ಅವರ ಮುಂದೆ ಇಟ್ಟವಳು ನಾನೇ. ಅಷ್ಟು ದೊಡ್ಡ ಮನುಷ್ಯ ನಮ್ಮ ದೇವರಿಗೆ ಬಾಗಿದನಲ್ಲ ಎಂದು ಹೆಮ್ಮೆಯೂ ಪಟ್ಟೆ. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಸಾಹುಕಾರರು ಮಾತು ತಪ್ಪಲಿಲ್ಲ. ಅಪ್ಪನನ್ನು ಗೇಟಿಗೆ ವಾಚ್‌ಮನ್ ಮಾಡಿದರು. ಒಂದೂವರೆ ವರ್ಷ ಕಳೆದ ಮೇಲೆ ನನಗೆ ಚಡಪಡಿಕೆ ಶುರುವಾಯಿತು.

“ಅಪ್ಪಾ, ಒಂದು ಅರ್ಜಿ ಹಾಕಿಟ್ಟಿರಾಮು. ಕೆಲಸ ಇದ್ರೂ ಪರಿಹಾರ ಬರ್ತೈತಂತ.”

“ಭಂಡಾರ ಮುಟ್ಟೀನವ್ವ. ಅರ್ಜಿ ಹಾಕಿದ್ರ ನಾನೇ ಸುಳ್ಳಾಗ್ತೀನಿ.”

ಮತ್ತೆ ಎರಡು ಸಲ ಕೇಳಿದೆ, ಬೈಸಿಕೊಂಡೆ. ಎರಡು ವರ್ಷ ತುಂಬಿದ ದಿನ ಕ್ಯಾಲೆಂಡರ್ ನೋಡಿದೆ. ಅಪ್ಪ ಎಂದಿನಂತೆ ಬುತ್ತಿ ಕಟ್ಟಿಸಿಕೊಂಡು ಕೆಲಸಕ್ಕೆ ಹೋದ.

ಮೂರು ತಿಂಗಳಿಗೆ ಸಾಹುಕಾರರು ಎದೆನೋವು ಬಂದು ತೀರಿಕೊಂಡರು. ಅಪ್ಪ ಒಡಹುಟ್ಟಿದವರು ಹೋದಂತೆ ಅತ್ತ. ತಿಥಿಕಾರ್ಯ ಮುಗಿದ ಮೇಲೆ ಅವರ ಮಗ ಕರೆದು ಹೇಳಿದ, “ಇನ್ನ ಬರೋದು ಬ್ಯಾಡ ಕಾಕಾ. ಗೇಟಿಗೆ ಎರಡೂ ಕೈ ಸರಿ ಇರೋರು ಬೇಕು.” ಅವನೇನು ಭಂಡಾರ ಮುಟ್ಟಿರಲಿಲ್ಲ.

ಸಾಹುಕಾರರೇ ಇಲ್ಲವಲ್ಲ, ಆಣೆಯೂ ತೀರಿತು ಎಂದು ಅಪ್ಪನನ್ನು ಒಪ್ಪಿಸಿ ಕೂಡ್ಲಿಗಿಯ ವಕೀಲರ ಹತ್ತಿರ ಕರೆದುಕೊಂಡು ಹೋದೆ. ವಕೀಲರು ಒಳ್ಳೆಯವರೇ.

“ಎರಡು ವರ್ಷ ದಾಟೇತಲ್ಲ ತಂಗಿ” ಎಂದರು. “ಆದ್ರೂ ತಡಕ್ಕ ತಕ್ಕ ಕಾರಣ ತೋರಿಸಿದ್ರ ಲೇಬರ್ ಸಾಹೇಬ್ರು ತಗೊಂಡ್ರೂ ತಗೋಬಹುದು. ಬರೀತೀನಿ, ಅಪ್ಪಗ ಓದಿ ಹೇಳು.”

ಓದಿದೆ. ನಡುವೆ ಒಂದು ಸಾಲು ಬಂತು: ಮಾಲೀಕರು ಸುಳ್ಳು ಆಣೆ ಮಾಡಿ, ಮೋಸದಿಂದ ನಂಬಿಸಿ, ಅವಧಿ ಕಳೆಯುವಂತೆ ಮಾಡಿದ್ದರಿಂದ. ಆ ಸಾಲು ಹಾರಿಸಿಬಿಡಬೇಕಿತ್ತು. ಓದಲು ಬಾರದ ಅಪ್ಪನಿಗೆ ಹೇಗೆ ಗೊತ್ತಾಗುತ್ತಿತ್ತು? ನನಗೆ ಅಷ್ಟು ಬುದ್ಧಿ ಓಡಲಿಲ್ಲ.

ವಕೀಲರು ಶಾಯಿಯ ಡಬ್ಬಿ ಮುಂದೆ ತಳ್ಳಿದರು. ಗಂಡಸರು ಎಡಗೈ ಹೆಬ್ಬೆಟ್ಟು ಒತ್ತುವುದು ರೂಢಿ. ಅಪ್ಪನ ಕೈ ನೋಡಿ, “ಬಲಗೈದೇ ಒತ್ತು ಯಜಮಾನ” ಅಂದರು.

ಅಪ್ಪ ಕೈ ಚಾಚಲಿಲ್ಲ. “ಅವ್ರು ಮೋಸ ಮಾಡಿಲ್ರಿ. ಇರೋತನಕ ನಡೆಸ್ಕೊಟ್ಟಾರ.”

“ಹಂಗಾರ ತಡಕ್ಕ ಬ್ಯಾರೆ ಏನ್ ಕಾರಣ ಬರೀಲಿ, ನೀನೇ ಹೇಳು.”

ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. “ಒತ್ತಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ” ಅಂದೆ.

“ಉಳಿದಿದ್ದು ಇದೊಂದು ಹೆಬ್ಬೆಟ್ಟು ಐತವ್ವ. ಇದನ್ನ ಸುಳ್ಳಿಗೆ ಹೆಂಗ ಒತ್ಲಿ?”

ವಕೀಲರು ಡಬ್ಬಿ ಮುಚ್ಚಿದರು.

ಮನೆಗೆ ಹೋದ ಕೂಡಲೇ ಆ ಭಂಡಾರದ ಬಟ್ಟಲನ್ನು ತಿಪ್ಪೆಗೆ ಎಸೆಯುವವಳಿದ್ದೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಗಟ್ಟಿ ಮಾಡಿಕೊಂಡಿದ್ದೆ. ಅಪ್ಪ ಕಾಲು ತೊಳೆದು ಬಂದು ಜಗಲಿಯ ಮುಂದೆ ಕೂತ. ಬೆಂಕಿಪೊಟ್ಟಣವನ್ನು ಎಡಗೈಯ ಉಳಿದೆರಡು ಬೆರಳಲ್ಲಿ ಹಿಡಿದು ಕಡ್ಡಿ ಗೀರಲು ನೋಡಿದ. ಪೊಟ್ಟಣ ಜಾರಿ ಬಿತ್ತು. ನಾನೇ ಹೋಗಿ ದೀಪ ಹಚ್ಚಿದೆ.