ಐದು ಕೆರೆಗಳ ಕಾಲ್ನಡಿಗೆ

ನಡೆಯುವುದಕ್ಕಿಂತ ನಡೆಯುವ ಯೋಜನೆ ಹಾಕುವುದೇ ನನಗೆ ಹೆಚ್ಚು ಇಷ್ಟ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಆಗ ಮುಳಬಾಗಿಲಿನಲ್ಲಿ ಮೇಷ್ಟ್ರು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆ ಕುಡಿದು ಓಡುತ್ತಿದ್ದವು. ಶನಿವಾರ ಮಧ್ಯಾಹ್ನ ಗೆಳೆಯ ವೆಂಕಟರಮಣಯ್ಯ, ಊರಿನ ಪೋಸ್ಟ್ ಮಾಸ್ಟರು, ನಮ್ಮ ಜಗಲಿಗೆ ಬಂದು ಕೂತನೆಂದರೆ ನಾವಿಬ್ಬರೂ ಒಂದು ಹಾಳೆ ಹರಡಿಕೊಂಡು ಪೆನ್ಸಿಲಿನಲ್ಲಿ ನಡೆಯತೊಡಗುತ್ತಿದ್ದೆವು.

ಯೋಜನೆ ಇಷ್ಟೇ. ಬೆಳಗಿನ ಬಸ್ಸಿನಲ್ಲಿ ದೇವರಾಯಸಮುದ್ರಕ್ಕೆ ಹೋಗಿ ಇಳಿಯುವುದು. ಕೆರೆಯ ತೂಬಿನ ಹತ್ತಿರ ಕೂತು ಬುತ್ತಿ ಬಿಚ್ಚುವುದು. ಅಲ್ಲಿಂದ ಬೆಟ್ಟದ ತಪ್ಪಲು ಹಿಡಿದು, ಹುಲ್ಲುಬೋರೆಯ ದಿಬ್ಬಗಳನ್ನು ದಾಟಿ, ದಾರಿಯಲ್ಲಿ ಇನ್ನೂ ನಾಲ್ಕು ಕೆರೆಗಳನ್ನು ಸುತ್ತಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು. ತೀರ ಕಷ್ಟದ್ದೂ ಅಲ್ಲ, ತೀರ ಸುಲಭದ್ದೂ ಅಲ್ಲ. ಮೇಷ್ಟರ ಮಂಡಿಗೆ ತಕ್ಕ ದಾರಿ.

ಪೆನ್ಸಿಲು ಬೋರೆಯ ಮೇಲೆ ಬಂದಾಗ ನಾನು ಕಣ್ಣು ಮುಚ್ಚಿಬಿಡುತ್ತಿದ್ದೆ. ಮೊಣಕಾಲೆತ್ತರದ ಹುಲ್ಲು ಗಾಳಿಗೆ ಒಂದೇ ಕಡೆಗೆ ಮಲಗಿ ಏಳುತ್ತದೆ, ಬಂಡೆಗಳ ಸಂದಿನಲ್ಲಿ ತಂಗಡಿ ಹಳದಿಯಾಗಿ ಹೂಬಿಟ್ಟಿದೆ, ಮೋಡದ ನೆರಳೊಂದು ನಮ್ಮನ್ನು ದಾಟಿ ಮುಂದಿನ ಕೆರೆಗೆ ನಮಗಿಂತ ಮೊದಲೇ ಇಳಿಯುತ್ತದೆ. ಕಣ್ಣು ಬಿಟ್ಟರೆ ಜಗಲಿ. ನಮ್ಮ ಹಿರಿಯರೂ ಇಂಥ ಕನಸುಗಾರರೇ ಇರಬೇಕು. ಇಲ್ಲದಿದ್ದರೆ ಸಮುದ್ರದಿಂದ ಇಷ್ಟು ದೂರದ ಈ ಒಣ ಸೀಮೆಯಲ್ಲಿ, ಬೆಟ್ಟಕ್ಕೆ ಬೆಟ್ಟ ಸೇರಿಸಿ ಒಂದು ಏರಿ ಹಾಕಿ, ಮಳೆ ಬರುವ ಮೊದಲೇ ಅದಕ್ಕೆ ಸಮುದ್ರವೆಂದು ಹೆಸರಿಡುವ ಧೈರ್ಯ ಯಾರಿಗೆ ಬಂದೀತು? ಹೆಸರಿಗೆ ನಾಚಿಕೊಂಡಾದರೂ ಅದು ತುಂಬಬೇಕು.

ಹೀಗೆ ಎರಡು ವರ್ಷ ನಡೆದೆವು. ಹಾಳೆ ಬಿಟ್ಟು ಕದಲಲಿಲ್ಲ. ಒಮ್ಮೆ ಬಿಸಿಲು, ಒಮ್ಮೆ ಪರೀಕ್ಷೆ, ಒಮ್ಮೆ ವೆಂಕಟರಮಣಯ್ಯನ ಚಪ್ಪಲಿಯ ಕಿತ್ತುಹೋದ ಉಂಗುಷ್ಠ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಐದು ಕೆರೆಗಳ ಸುತ್ತಲಿನ ನೆಲವನ್ನೆಲ್ಲ ಡೊಂಕು ಮಾಡಿದೆವು.

ಮೂರನೆಯ ವರ್ಷ ಹಿಂಗಾರು ಚೆನ್ನಾಗಿ ಹಿಡಿದು ಕೆರೆಗಳೆಲ್ಲ ತುಂಬಿದವು. ಒಂದು ಶನಿವಾರ ನನ್ನ ಹೆಂಡತಿ ಸಾವಿತ್ರಿ ಕಾಫಿ ತಂದಿಟ್ಟವಳು ಹಾಳೆಯ ಮೇಲೆ ಒಂದು ಗಳಿಗೆ ಬಗ್ಗಿದಳು.

"ತೂಬಿನ ಹತ್ರ ಕೂರೋಕಾಗಲ್ಲ. ಬೆಳಿಗ್ಗೆ ಅಲ್ಲಿ ಬಟ್ಟೆ ಒಗೀತಿರ್ತಾರೆ. ಕೋಡಿ ಕಡೆ ಹೋಗಿ, ದೊಡ್ಡ ಹೊಂಗೆಮರ ಇದೆ" ಎಂದಳು.

ದೇವರಾಯಸಮುದ್ರ ಅವಳ ತವರೂರು. ಮರೆತಿದ್ದೆ ಎಂದರೆ ಸುಳ್ಳು. ನೆನೆಸಿಕೊಂಡಿರಲಿಲ್ಲ ಎನ್ನುವುದು ನಿಜ. "ನೀನು ಅಲ್ಲಿಗೆ ಹೋಗಿ ಎಷ್ಟು ವರ್ಷವಾಯ್ತು?" ಎಂದು ಕೇಳಿದೆ.

"ಅಮ್ಮ ತೀರಿಹೋಗಿ ಹನ್ನೆರಡು ವರ್ಷ. ಆಮೇಲೆ ಯಾರು ಕರೀತಾರೆ? ಬಸ್ಸಲ್ಲಿ ಹೋಗುವಾಗ ಏರಿ ಕಾಣುತ್ತೆ. ನೀರು ಕಾಣಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ಅವಳಿಗೆ ಅಣ್ಣತಮ್ಮಂದಿರಿಲ್ಲ. ತವರಿನವರು ಬಂದು ಕುಂಕುಮವಿಟ್ಟು ಕರೆಯದೆ ಹೆಣ್ಣುಮಗಳು ತಾನಾಗಿ ತವರಿಗೆ ಹೋಗುವುದು ನಮ್ಮಲ್ಲಿಲ್ಲ. ಗಂಡ ಕರೆದುಕೊಂಡು ಹೋದರೆ ಅದು ಪ್ರಯಾಣವಾದೀತು, ತವರಾಗದು. ನಮ್ಮ ಯೋಜನೆಯಲ್ಲಿ ಕೊಡೆಗೆ ಜಾಗವಿತ್ತು, ಕಂಬಳಿಗಿತ್ತು, ಅವಳಿಗಿರಲಿಲ್ಲ. ನನಗೆ ನಾಚಿಕೆಯಾಯಿತು. ವೆಂಕಟರಮಣಯ್ಯ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ.

ಮರುದಿನ ಬೆಳಕು ಹರಿಯುವಾಗ ಬಾಗಿಲಲ್ಲಿ ಅವನೇ ನಿಂತಿದ್ದ. ಮೈಮೇಲೆ ಮದುವೆ ಮನೆಗೆ ಹಾಕುವ ಕರಿ ಕೋಟು, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ, ಒಂದು ಹಸಿರು ರವಿಕೆ ಕಣ.

"ನೀನು ಸುಮ್ನಿರಯ್ಯಾ" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಒಳಕ್ಕೆ ಕೂಗಿದ: "ಸಾವಿತ್ರಮ್ಮಾ, ನಂಗೂ ಅಕ್ಕತಂಗೀರಿಲ್ಲ. ತವರಿಗೆ ಕರ್ಕೊಂಡು ಹೋಗೋಕೆ ಬಂದಿದೀನಿ. ಹೊರಡಮ್ಮ, ಬಸ್ಸಿಗೆ ಹೊತ್ತಾಗುತ್ತೆ."

ಸಾವಿತ್ರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಲೆಯ ಹೊಗೆ ಎಂದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಕೆರೆ ಏರಿಯನ್ನು ಅವಳು ನಮಗಿಂತ ಮೊದಲು ಹತ್ತಿದಳು. ನಾವು ಏದುಸಿರು ಬಿಡುತ್ತ ಮೇಲೆ ಬರುವಷ್ಟರಲ್ಲಿ ನೀರನ್ನೇ ನೋಡುತ್ತ ನಿಂತಿದ್ದಳು. ಬೆಟ್ಟದ ಬುಡದವರೆಗೂ ನೀರು, ನೀರಿನ ತಳದಲ್ಲಿ ಇನ್ನೊಂದು ಬೆಟ್ಟ. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಹಣೆಗೆ ಕೈ ಅಡ್ಡವಿಟ್ಟು, "ಎವರಮ್ಮಾ ನುವ್ವು?" ಎಂದು ತೆಲುಗಿನಲ್ಲಿ ಕೇಳಿದಳು.

"ಸುಬ್ಬಕ್ಕನ ಮಗಳು ಸಾವಿತ್ರಿ ಅಜ್ಜೀ."

"ಅಯ್ಯೋ ನನ್ ತಾಯಿ! ಇಷ್ಟು ಹತ್ರ ಇದ್ಕೊಂಡು ಬರೋಕೇನೇ ಆಗಿತ್ತು ನಿಂಗೆ?"

"ಕರೆಯೋರು ಯಾರಿದ್ರಜ್ಜಿ?"

"ಕೆರೆ ತುಂಬಿದ್ರೆ ಕರ್ದಂಗೇ ಅಲ್ವೇನೇ!" ಎಂದು ಅಜ್ಜಿ ಗದರಿಸಿದಳು.

ಆಮೇಲೆ ಸಾವಿತ್ರಿ ಕಲ್ಲಿನ ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟು ಕೂತವಳು ಏಳಲೇ ಇಲ್ಲ. ಅಜ್ಜಿಯ ಪ್ರಶ್ನೆಗಳೂ ಮುಗಿಯಲಿಲ್ಲ. ನಾವಿಬ್ಬರೂ ಹೊಂಗೆಯ ನೆರಳಿನಲ್ಲಿ ವೆಂಕಟರಮಣಯ್ಯ ಕಟ್ಟಿಸಿಕೊಂಡು ತಂದಿದ್ದ ಚಿತ್ರಾನ್ನ ತಿಂದು ಅಡ್ಡಾದೆವು. ಹೊತ್ತು ನೆತ್ತಿಗೇರಿತು, ಇಳಿಯಿತು. ಬೋರೆಯ ಹುಲ್ಲು ದೂರದಿಂದಲೇ ನಮ್ಮತ್ತ ಒಮ್ಮೆ ಮಲಗಿ ಎದ್ದಿತು.

"ಇನ್ನೂ ನಾಲ್ಕು ಕೆರೆ ಉಳೀತಲ್ಲಯ್ಯಾ?" ಎಂದ ವೆಂಕಟರಮಣಯ್ಯ, ಕಣ್ಣು ಮುಚ್ಚಿಕೊಂಡೇ.

"ಇರ್ಲಿ ಬಿಡೋ" ಎಂದೆ. "ಅವಕ್ಕೂ ತವರಿಗೆ ಬರೋ ಹೆಣ್ಣುಮಕ್ಕಳಿರ್ತಾರೆ."