ಕಾಶೀನಾಥನ ಹಸಿದ ಜಿಗಣೆಗಳು

ಕಾಶೀನಾಥನ ಶ್ರದ್ಧಾಂಜಲಿ ಸಭೆಯಲ್ಲಿ ನಮ್ಮ ನಿವೃತ್ತ ಹೆಡ್‌ಮಾಸ್ಟರ್ ಬಸವರಾಜಪ್ಪನವರು, "ಅವರು ಒಂದು ಇರುವೆಗೂ ನೋವು ಮಾಡಿದವರಲ್ಲ" ಎಂದರು. ಇರುವೆಯ ವಿಷಯ ನನಗೆ ಗೊತ್ತಿಲ್ಲ. ಜಿಗಣೆಗಳನ್ನು ಮಾತ್ರ ಅವನು ವಾರಗಟ್ಟಲೆ ಉಪವಾಸ ಕೆಡವಿದ್ದ, ಅದೂ ಇದೇ ಬಸವರಾಜಪ್ಪನವರ ಕೋಣೆಯ ಕಿಟಕಿಯಲ್ಲಿ. ಎದ್ದು ಹೇಳಬೇಕೆನಿಸಿತು. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಸುಭದ್ರಾ ಕೂತಿದ್ದರು, ಸುಮ್ಮನಾದೆ. ಸಭೆ ಮುಗಿದ ಮೇಲೆ ಅವರೇ ಬಂದು, "ಎಲ್ಲ ಸೇರಿ ಅವರನ್ನ ಋಷಿ ಮಾಡಿ ಕೂರಿಸಿದ್ರಿ. ನಂಗೆ ಗುರ್ತೇ ಸಿಗ್ಲಿಲ್ಲ. ನೀವಾದ್ರೂ ಸರಿಯಾಗಿ ಬರೀರಿ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಅವನು ಸತ್ತದ್ದು ಕೊಟ್ಟಿಗೆಹಾರದ ಹೋಟೆಲಿನಲ್ಲಿ. ನೀರ್‌ದೋಸೆಗೆ ಹೇಳಿ, ಅದು ಬರುವುದರೊಳಗೆ ಹೊರಟುಹೋದ. ಯಾವುದಕ್ಕೂ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಐವತ್ತು ತುಂಬಿರಲಿಲ್ಲ. ಹೃದಯದ ನಾಲ್ಕು ಕೋಣೆಗಳನ್ನು ವರ್ಷವರ್ಷವೂ ಹತ್ತನೇ ತರಗತಿಯ ಬೋರ್ಡಿನ ಮೇಲೆ ಬಿಡಿಸುತ್ತಿದ್ದವನು ಅವನು. ಎಡದ್ದನ್ನು ಬಲಕ್ಕೆ ಬರೆದು, ಮಕ್ಕಳು ತೋರಿಸಿದಾಗ, "ನಾನು ನಿಮ್ಮ ಎದುರು ನಿಂತಿದೀನಲ್ಲ, ಅದಕ್ಕೆ ಹಂಗೆ ಕಾಣ್ತದೆ" ಎಂದು ದಬಾಯಿಸುತ್ತಿದ್ದ.

ಕಳಸದ ಕಡೆಯ ಅರ್ಚಕರ ಮನೆಯ ಕಿರಿಯ ಮಗ. ಅಣ್ಣ ದೇವಸ್ಥಾನ ನೋಡಿಕೊಂಡ, ಇವನು ಬಿ.ಎಸ್ಸಿ. ಮಾಡಿ ನಮ್ಮ ನೇರಳೆಹಳ್ಳದ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದ. ನಾನು ಅಲ್ಲಿ ಆಗಲೇ ಕನ್ನಡ ಹೇಳುತ್ತಿದ್ದೆ. ಬಂದ ವರ್ಷವೇ ಶ್ವಾಸಕೋಶದ ಪಾಠಕ್ಕೆಂದು ಮೂಡಿಗೆರೆ ಸಂತೆಯಿಂದ ಆಡಿನ ಶ್ವಾಸಕೋಶವನ್ನು ಟಿಫಿನ್ ಕ್ಯಾರಿಯರಿನಲ್ಲಿ ತಂದ. ಅದಕ್ಕೆ ಸೈಕಲ್ ಪಂಪು ಸಿಕ್ಕಿಸಿ ಗಾಳಿ ಹೊಡೆದ. ಅದು ಉಬ್ಬಿ ಏಳುವುದಕ್ಕೂ ಬಸವರಾಜಪ್ಪನವರು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕುಡಿಸಿದವನು ನಾನು. ಆ ಟಿಫಿನ್ ಕ್ಯಾರಿಯರ್ ನನ್ನದಾಗಿತ್ತು ಎಂಬುದು ಮಧ್ಯಾಹ್ನ ತಿಳಿಯಿತು.

"ತೊಳೆದಿದೀನಿ ಮಾರಾಯ, ಪೊಟ್ಯಾಶಿಯಂ ಪರ್ಮಾಂಗನೇಟ್ ಹಾಕಿ" ಎಂದ.

"ನನ್ನ ಹೆಂಡ್ತಿಗೆ ನೀನೇ ಹೇಳು."

"ಅವರು ವಿಜ್ಞಾನ ಓದಿಲ್ಲ, ಅವರಿಗೆ ತಿಳಿಯೂದಿಲ್ಲ."

ಅವನಿಗೆ ಬೇಕಾಗಿದ್ದದ್ದು ಒಂದೇ: ಲ್ಯಾಬು. ನಮ್ಮ ಶಾಲೆಯಲ್ಲಿ ಮೂರು ತರಗತಿಗೆ ಮೂರು ಕೋಣೆ, ಹೆಡ್‌ಮಾಸ್ಟರಿಗೊಂದು, ಉಳಿದವರಿಗೆಲ್ಲ ಸೇರಿ ಒಂದು. ಪ್ರಯೋಗಗಳೆಲ್ಲ ಜಗಲಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಸ್ಪಿರಿಟ್ ದೀಪ ಹತ್ತುತ್ತಿರಲಿಲ್ಲ, ಹತ್ತಿದರೆ ಆರುತ್ತಿತ್ತು, ಆರಿದ್ದಕ್ಕೆ ಕಾರಣ ಹೇಳುವುದೇ ಆವತ್ತಿನ ಪಾಠವಾಗುತ್ತಿತ್ತು. ಶಾಲೆಯ ಬೇಲಿಗೆ ತಾಗಿಯೇ ರುದ್ರಪ್ಪನವರ ಎಸ್ಟೇಟಿನ ಹಳೇ ಪಲ್ಪರ್ ಶೆಡ್ಡು ಇತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್ನನ್ನು ಕೆಳಗಿನ ಹೊಸ ಶೆಡ್ಡಿಗೆ ಸಾಗಿಸಿದ ಮೇಲೆ ಅದು ಖಾಲಿ. ಗಟ್ಟಿ ಗೋಡೆ, ಮಂಗಳೂರು ಹೆಂಚು, ನೀರಿನ ತೊಟ್ಟಿ. ಕಾಶೀನಾಥ ಅದನ್ನು ಮದುವೆಗಂಡು ಹುಡುಗಿಯ ಮನೆ ನೋಡುವ ಹಾಗೆ ನೋಡುತ್ತಿದ್ದ.

ರುದ್ರಪ್ಪನವರು ಶಾಲಾ ಸಮಿತಿಯ ಅಧ್ಯಕ್ಷರು. ಪ್ರತಿ ಆಗಸ್ಟ್ ಹದಿನೈದಕ್ಕೆ ಬಂದು ಪೆಪ್ಪರ್‌ಮಿಂಟ್ ಹಂಚುತ್ತಿದ್ದರು. ತೊಂಬತ್ತೇಳರ ಆಗಸ್ಟ್ ಹದಿನೈದರಂದು ಇವನು ಅವರನ್ನು ಜೀಪಿನವರೆಗೂ ಹಿಂಬಾಲಿಸಿ ಕೇಳಿಯೇ ಬಿಟ್ಟ.

"ಮೇಷ್ಟ್ರೇ, ಬೇಲಿ ಪಕ್ಕ ಇಷ್ಟು ವರ್ಷದಿಂದ ಶಾಲೆ ಉಂಟು. ನಿಮ್ಮ ವಿಜ್ಞಾನದಿಂದ ನಮಗೆ ಎಂತ ಉಪಯೋಗ ಆಗಿದೆ ಹೇಳಿ" ಎಂದರು ರುದ್ರಪ್ಪ. "ನನ್ನ ಕಣದಲ್ಲಿ ಪಾರ್ಚ್‌ಮೆಂಟ್ ಹರವಿದಾಗ ಮಳೆ ಯಾವಾಗ ಬರ್ತದೆ ಅಂತ ಹೇಳ್ತೀರಾ? ರೇಡಿಯೋದವನು ರಾಜ್ಯಕ್ಕೆಲ್ಲ ಒಂದೇ ಮಳೆ ಹೇಳ್ತಾನೆ."

"ಹೇಳ್ತೀವಿ" ಎಂದ ಇವನು. ಹೇಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಮುಖ ನೋಡಿದರೇ ನನಗೆ ಗೊತ್ತಾಗುತ್ತಿತ್ತು.

"ಸರಿ. ಈ ಕೊಯ್ಲು ಮುಗಿಯೂವರೆಗೆ ನನ್ನ ಕಣದ ಕಾಫಿ ಒಂದು ಸಲವೂ ನೆನೀಬಾರದು. ನೆನೀದಿದ್ರೆ ಶೆಡ್ಡಿನ ಬೀಗದ ಕೈ ನಿಮ್ದು. ನೆಂದ್ರೆ ಮತ್ತೆ ಆ ವಿಷಯ ಎತ್ತಬಾರದು."

ಕಾಫಿ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಸಿಪ್ಪೆ ತೆಗೆದು ತೊಳೆದ ಬೀಜ ಪಾರ್ಚ್‌ಮೆಂಟ್. ಅದನ್ನು ಕಣದಲ್ಲಿ ಹರವಿ ವಾರಗಟ್ಟಲೆ ಒಣಗಿಸಬೇಕು. ನಡುವೆ ಒಂದು ಅಕಾಲದ ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ವಾಸನೆ ಹಿಡಿಯುತ್ತದೆ.

ಕಾಶೀನಾಥ ಎಲ್ಲೋ ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದ: ಬಾಟಲಿಯ ನೀರಿನಲ್ಲಿಟ್ಟ ಜಿಗಣೆ, ಮಳೆಗಾಳಿ ಹತ್ತಿರವಾದಾಗ ನೀರು ಬಿಟ್ಟು ಮೇಲಕ್ಕೆ ಹತ್ತುತ್ತದಂತೆ. ಎಷ್ಟು ನಿಜವೋ, ಅವನಿಗೂ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಕಾಡಿನ ಜಿಗಣೆ, ಇಂಬಳ, ಡಿಸೆಂಬರಿಗೆ ಮಾಯವಾಗುತ್ತದೆ. ಹಾಗಾಗಿ ಹಳ್ಳದ ಮಡುವಿನ ಜಿಗಣೆಯೇ ಗತಿ. ಹತ್ತನೇ ತರಗತಿಯನ್ನು ಕರೆದುಕೊಂಡು ಹೊರಟ. ಶನಿವಾರ ನಮ್ಮಲ್ಲಿ ಸಮಾಜಸೇವೆಯ ಪೀರಿಯಡ್ಡು. ಸಮಾಜ ಎಂದರೆ ಹೆಡ್‌ಮಾಸ್ಟರು, ಸೇವೆ ಎಂದರೆ ಅವರ ಬೀನ್ಸ್ ಮಡಿಗೆ ನೀರು ಹೊಯ್ಯುವುದು. ಆ ಶನಿವಾರ ಬೀನ್ಸ್ ಒಣಗಿತು. ಮಕ್ಕಳು ಎಮ್ಮೆ ಮಲಗುವ ಮಡುವಿನಲ್ಲಿ ಕಾಲು ಇಳಿಬಿಟ್ಟು ಕೂತು, ಕಚ್ಚಿದ್ದನ್ನು ಕಚ್ಚಿದ ಹಾಗೆ ಬಾಟಲಿಗೆ ಬಿಡಿಸಿಕೊಂಡರು.

ಬಾಟಲಿಗಳನ್ನು ಹೆಡ್‌ಮಾಸ್ಟರ ಕಿಟಕಿಯಲ್ಲಿಟ್ಟರು. ಬೀಗ ಹಾಕುವ ಕೋಣೆ ಅದೊಂದೇ. ಜಿಗಣೆ ಹತ್ತಿದರೆ ಕೆಂಪು ಬಟ್ಟೆ ಏರಿಸಬೇಕು. ಕೆಳಗಿನ ಕಣದಿಂದ ಎಸ್ಟೇಟಿನ ಮೇಸ್ತ್ರಿ ಚಿಕ್ಕಯ್ಯ ನೋಡಿ, ಕಾಫಿ ರಾಶಿ ಮಾಡಿಸಿ ಟಾರ್ಪಾಲು ಮುಚ್ಚಿಸಬೇಕು. ಬಟ್ಟೆಯನ್ನು ಧ್ವಜಸ್ತಂಭಕ್ಕೆ ಕಟ್ಟೋಣವೆಂದ ಕಾಶೀನಾಥ.

"ಅಲ್ಲಿಗೆ ಕೆಂಪು ಬಟ್ಟೆ ಕಟ್ಟಿದ್ರೆ ಡಿ.ಡಿ.ಪಿ.ಐ. ನನ್ನನ್ನ ಯಾವ ಪಾರ್ಟಿ ಅಂತ ಕೇಳ್ತಾರೆ ಕಣ್ರೀ" ಎಂದರು ಬಸವರಾಜಪ್ಪ. ಕೊನೆಗೆ ಸಿಲ್ವರ್ ಓಕ್ ಮರಕ್ಕೆ ಬಿದಿರು ಬಿಗಿದು ಕೆಲಸ ನಡೆಯಿತು.

ಜಿಗಣೆ ನೋಡಿಕೊಳ್ಳುವ ಕೆಲಸ ಮೋನಿಕಾಳಿಗೆ ಬಿತ್ತು. ಎಸ್ಟೇಟಿನ ಕೂಲಿಲೈನಿನ ಹುಡುಗಿ, ಕಾಫಿ ಕುಯ್ಯುವ ಯಲ್ಲಮ್ಮನ ಮಗಳು. ತರಗತಿಯಲ್ಲಿ ಜಿಗಣೆಯನ್ನು ಬೆರಳಲ್ಲಿ ಎತ್ತಿ, ಮುಖ ಯಾವುದು ಬೆನ್ನು ಯಾವುದು ಎಂದು ನೋಡುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬಾಟಲಿಯಲ್ಲಿದ್ದವೆಲ್ಲ ಬಾಯಿಗೆ ಕಟ್ಟಿದ ಬಟ್ಟೆಗೆ ಅಂಟಿಕೊಂಡು ಕೂತಿದ್ದವು. ಆಕಾಶ ತೊಳೆದ ಹಾಗಿತ್ತು. ಕೆಂಪು ಬಟ್ಟೆ ಏರಿತು, ಚಿಕ್ಕಯ್ಯ ಬೈಯುತ್ತಲೇ ಟಾರ್ಪಾಲು ಹಾಕಿಸಿದ. ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಮಳೆ ಬಂತು. ಸುದ್ದಿ ಕೊಟ್ಟಿಗೆಹಾರದವರೆಗೆ ಹೋಯಿತು. ಸಣ್ಣ ಬೆಳೆಗಾರರು ಬಸ್ಸಿನಿಂದ ತಲೆ ಹೊರಹಾಕಿ ನಮ್ಮ ಮರ ನೋಡತೊಡಗಿದರು. ದೇವರಮನೆ ಗುಡ್ಡದ ಮೇಲೆ ಮೋಡ ಕೂತರೆ ಮಳೆ ಎಂದು ಹುಟ್ಟಿದಾಗಿನಿಂದ ಬಲ್ಲ ಚಿಕ್ಕಯ್ಯ ಗುಡ್ಡ ನೋಡುವುದನ್ನು ಬಿಟ್ಟು ಬಿದಿರು ನೋಡುವವನಾದ. ಕಾಶೀನಾಥ ಶೆಡ್ಡಿನ ಗೋಡೆಯನ್ನು ಕಣ್ಣಲ್ಲೇ ಅಳೆದು, ಆಸಿಡ್ ಎಲ್ಲಿ, ಸೂಕ್ಷ್ಮದರ್ಶಕ ಎಲ್ಲಿ ಎಂದು ಬೇಲಿಯ ಈಚೆಯಿಂದಲೇ ನನಗೆ ತೋರಿಸುತ್ತಿದ್ದ.

"ಸೂಕ್ಷ್ಮದರ್ಶಕ ಎಲ್ಲುಂಟು ನಿನ್ನ ಹತ್ರ?"

"ಜಾಗ ಮೊದಲು ಆಗ್ಲಿ ಮಾರಾಯ. ನೀನು ಮನೆ ಮಾಡಿದ್ಮೇಲೆ ತಾನೆ ಮಂಚ ತಗೊಂಡಿದ್ದು?"

ಜನವರಿಯಲ್ಲಿ ಅವನಿಗೆ ಚಿಕ್ಕಮಗಳೂರಿನಲ್ಲಿ ತರಬೇತಿ ಬಂತು. ಹೋಗುವಾಗ ಮೋನಿಕಾಳನ್ನು ಕರೆದು, ವಾಯುಭಾರ ಎಂದರೇನು, ಜಿಗಣೆಗೆ ಎಷ್ಟು ಕಣ್ಣು ಎಂದೆಲ್ಲ ಅರ್ಧ ಗಂಟೆ ಹೇಳಿ, ಕೊನೆಗೆ "ಚೆನ್ನಾಗಿ ನೋಡ್ಕೋ" ಎಂದ. ಬೇಕಾದ ಒಂದು ಮಾತು ಬಿಟ್ಟು ಉಳಿದದ್ದನ್ನೆಲ್ಲ ಹೇಳುವುದು ಅವನ ಪದ್ಧತಿ.

ಅವನು ಬಸ್ಸಿಳಿದ ದಿನ ನಾನು ಹತ್ತನೇ ತರಗತಿಗೆ ಸಮಾಸ ಹೇಳುತ್ತಿದ್ದೆ. ಬಿದಿರಿನಲ್ಲಿ ಬಟ್ಟೆಯಿರಲಿಲ್ಲ. ಬೆಳಕು ಕಂದಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೆಂಚಿನ ಮೇಲೆ ನಾಲ್ಕು ಹನಿ ಸದ್ದು ಮಾಡಿದಾಗ ಕಾಶೀನಾಥ ಬ್ಯಾಗನ್ನು ಬಾಗಿಲಲ್ಲೇ ಎಸೆದು, "ಎಲ್ಲ ಏಳಿ, ಕಣಕ್ಕೆ" ಎಂದ.

ಬಸವರಾಜಪ್ಪನವರು ಜಗಲಿಯಲ್ಲಿ ಅಡ್ಡ ನಿಂತರು. "ಕ್ಲಾಸ್ ಟೈಮಲ್ಲಿ ಎಲ್ಲಿಗ್ರೀ?"

"ಸಮಾಜಸೇವೆ ಸರ್."

"ಇವತ್ತು ಮಂಗಳವಾರ ಕಣ್ರೀ."

"ಮಳೆಗೆ ಟೈಮ್‌ಟೇಬಲ್ ಕೊಟ್ಟಿಲ್ಲ ಸರ್."

ವಾರ್ಷಿಕೋತ್ಸವದ ಶಾಮಿಯಾನ, ಪರದೆ, ಎನ್.ಸಿ.ಸಿ.ಯವರ ನೆಲಹಾಸು, ಸಿಕ್ಕಿದ್ದನ್ನೆಲ್ಲ ಹೊತ್ತು ಇಡೀ ತರಗತಿ ಇಳಿಜಾರಿನಲ್ಲಿ ಓಡಿತು. ನಾನೂ ಓಡಿದೆ. ಅಂಗೈಯಲ್ಲಿ, ಮರದ ಹಲಗೆಯಲ್ಲಿ ಕಾಫಿ ಗುಡಿಸಿ ರಾಶಿ ಹಾಕಿದೆವು. ಕಳೆದ ವಾರ್ಷಿಕೋತ್ಸವದ ನಾಟಕದ, ಅರಮನೆಯ ಚಿತ್ರವಿದ್ದ ಪರದೆಯನ್ನು ಹೊದೆಸಿದೆವು. ಅರ್ಧಕ್ಕಿಂತ ಹೆಚ್ಚು ಉಳಿಯಿತು. ಮಿಕ್ಕದ್ದು ನೆನೆಯಿತು. ಚಿಕ್ಕಯ್ಯ ಬಿದಿರಿನ ಕಡೆಗೆ ಕೈ ತೋರಿಸಿ, "ಅದು ಏನೂ ಹೇಳ್ಲಿಲ್ಲ, ಅದು ಏನೂ ಹೇಳ್ಲಿಲ್ಲ" ಎನ್ನುತ್ತಿದ್ದ.

ರುದ್ರಪ್ಪನವರು ಕೊಡೆ ಹಿಡಿದು ಬಂದು ಅರಮನೆಯ ಮುಂದೆ ನಿಂತರು. ಬಸವರಾಜಪ್ಪನವರು ಕಾಶೀನಾಥನ ಕಿವಿಯಲ್ಲಿ, "ನೀವು ಊರಲ್ಲಿರಲಿಲ್ಲ. ಹುಡುಗಿ ನೋಡ್ಲಿಲ್ಲ ಅನ್ನಿ, ಮುಗೀತು" ಎಂದರು. ಆ ಪಿಸುಮಾತು ಹೆಡ್‌ಮಾಸ್ಟರದ್ದು, ಪ್ರಾರ್ಥನೆಗೆ ಬಳಸುವ ಗಂಟಲಿನದ್ದು, ಎಲ್ಲರಿಗೂ ಕೇಳಿತು.

"ನಾನು ನೋಡಿದೀನಿ" ಎಂದಳು ಮೋನಿಕಾ. "ದಿನಾ ಮೂರು ಸಲ ನೋಡಿದೀನಿ. ಅವು ಮಲಗಿದ್ವು."

"ಮಲಗಿದ್ವಾ?" ಎಂದ ಕಾಶೀನಾಥ.

"ಹೊಟ್ಟೆ ತುಂಬಿತ್ತಲ್ಲ ಸಾರ್. ಪಾಪ, ಅಷ್ಟು ದಿನದಿಂದ ಉಪಾಸ ಇದ್ವು. ನೀವು ಚೆನ್ನಾಗಿ ನೋಡ್ಕೋ ಅಂದ್ರಿ. ನಮ್ಮನೇಲಿ ಬಂದೋರಿಗೆ ಮೊದ್ಲು ಊಟ ಹಾಕ್ತೀವಿ. ಅದಕ್ಕೆ ಎಲ್ರೂ ಒಬ್ಬೊಬ್ರು ಒಂದೊಂದಕ್ಕೆ…" ಎಂದು ಮುಂಗೈ ಚಾಚಿದಳು. ಅವಳ ಹಿಂದೆ ನಿಂತವರೂ ಚಾಚಿದರು. ಎಲ್ಲರ ಕೈ ಮೇಲೂ ಜಿಗಣೆ ಕಚ್ಚಿದ ಮೂರು ಗೆರೆಯ ಸಣ್ಣ ಗಾಯ.

ನಾನು ಕಾಶೀನಾಥನನ್ನೇ ನೋಡುತ್ತಿದ್ದೆ. ಶೆಡ್ಡು ಅವನ ಕೈ ತಪ್ಪಿತ್ತು. ಇನ್ನೂ ಉಳಿಸಿಕೊಳ್ಳುವುದಿದ್ದರೆ ಆ ಹುಡುಗಿಯನ್ನು ನಾಲ್ಕು ಮಾತು ಬೈದು, ರುದ್ರಪ್ಪನವರಿಗೆ ಕೈ ಮುಗಿಯಬೇಕಿತ್ತು. ಅವನ ಮುಖ ನೋಡನೋಡುತ್ತ ಅರಳಿತು. ಒದ್ದೆ ತಲೆಯಲ್ಲಿ ಮೋನಿಕಾಳ ಮುಂಗೈ ಹಿಡಿದುಕೊಂಡು ತರಗತಿಯ ಕಡೆ ತಿರುಗಿದ.

"ನೋಡಿ, ಇದು ಪಾಠ. ಹಸಿದದ್ದು ಹತ್ತುತ್ತೆ, ಉಂಡದ್ದು ಮಲಗುತ್ತೆ. ಹಾಗಾದ್ರೆ ಡಿಸೆಂಬರಲ್ಲಿ ಅವು ಹತ್ತಿದ್ದು ಮಳೆ ಅಂತಲಾ, ಹಸಿವು ಅಂತಲಾ? ನಮಗೆ ಗೊತ್ತಿಲ್ಲ. ಅರ್ಧಕ್ಕೆ ಊಟ ಹಾಕಿ ಅರ್ಧಕ್ಕೆ ಹಾಕದೆ ಇಟ್ಟಿದ್ರೆ ಗೊತ್ತಾಗ್ತಿತ್ತು. ನನಗೆ ಹೊಳೀಲೇ ಇಲ್ಲ. ಇವಳು ಮಾಡಿ ತೋರಿಸಿದ್ಲು."

"ಮೇಷ್ಟ್ರೇ, ನನ್ನ ಕಾಫಿ ನೆಂದಿದೆ" ಎಂದರು ರುದ್ರಪ್ಪ.

"ಹೌದು, ನೆಂದಿದೆ. ಒಂದು ನಿಮಿಷ" ಎಂದ ಇವನು, ಮತ್ತು ಪಾಠ ಮುಂದುವರಿಸಿದ.

ರುದ್ರಪ್ಪನವರು ಮಾತಿಗೆ ತಪ್ಪುವವರಲ್ಲ. ಶೆಡ್ಡು ಕೊಡಲಿಲ್ಲ. ಇವನೂ ಮತ್ತೆ ಆ ವಿಷಯ ಎತ್ತಲಿಲ್ಲ. ಬೇಲಿಯ ಕಡೆ ಬೆನ್ನು ಹಾಕಿ ಕೂರುವ ಅಭ್ಯಾಸ ಮಾಡಿಕೊಂಡ. ಕುದುರೆಮುಖದಲ್ಲಿ ಗಣಿ ನಿಂತು ಟೌನ್‌ಶಿಪ್ಪಿನವರು ಸಾಮಾನು ಕಟ್ಟುತ್ತಿದ್ದ ಕಾಲದಲ್ಲಿ ಊರು ಬಿಡುತ್ತಿದ್ದ ಒಬ್ಬರು ಇವನಿಗೆ ಒಂದು ಹಳೇ ಸೂಕ್ಷ್ಮದರ್ಶಕ ಕೊಟ್ಟರು. ಮಂಚ ಬಂತು, ಮನೆಯಿರಲಿಲ್ಲ. ಅದನ್ನು ಟವೆಲ್ಲಿನಲ್ಲಿ ಸುತ್ತಿ ದಿನಾ ಮನೆಯಿಂದ ತರುತ್ತಿದ್ದ, ದಿನಾ ಒಯ್ಯುತ್ತಿದ್ದ. ಕೊಟ್ಟಿಗೆಹಾರದಲ್ಲಿ ಅವನು ಕುಸಿದಾಗ ಪಕ್ಕದ ಕುರ್ಚಿಯಲ್ಲಿ ಅದು ಇತ್ತಂತೆ. ಹೋಟೆಲಿನವರು ಟವೆಲ್ಲು ಸಮೇತ ನನಗೆ ತಂದು ಕೊಟ್ಟರು. ಆ ಟವೆಲ್ಲನ್ನು ಇನ್ನೂ ಒಗೆದಿಲ್ಲ.

ಶ್ರದ್ಧಾಂಜಲಿ ಸಭೆಯ ದಿನ, ಎಲ್ಲರೂ ಹೋದ ಮೇಲೆ, ರುದ್ರಪ್ಪನವರು ಕೋಲು ಊರಿಕೊಂಡು ನನ್ನ ಹತ್ತಿರ ಬಂದರು. ಜೇಬಿನಿಂದ ತುಕ್ಕು ಹಿಡಿದ ಬೀಗದ ಕೈ ತೆಗೆದರು.

"ಶೆಡ್ಡು ಲ್ಯಾಬಿಗೆ ಇಟ್ಕೊಳ್ಳಿ. ಅವರ ಹೆಸರೇ ಹಾಕಿ."

ಸತ್ತವನಿಗೆ ಕೊಡುವುದು ಸುಲಭ, ಅವನು ಗೋಡೆ ಒಡೆದು ಕಿಟಕಿ ಇಡಿ ಎಂದು ಪೀಡಿಸುವುದಿಲ್ಲ. ಹಾಗೆಂದು ಬಾಯಿಗೆ ಬಂದಿತ್ತು. ಆದರೆ ನನ್ನ ಜಾಗದಲ್ಲಿ ಕಾಶೀನಾಥ ಇದ್ದಿದ್ದರೆ ಮಾನ ಮರ್ಯಾದೆ ನೋಡದೆ, ಅವರು ಮನಸ್ಸು ಬದಲಿಸುವುದರೊಳಗೆ ಕಿತ್ತುಕೊಳ್ಳುತ್ತಿದ್ದ. ನಾನೂ ತೆಗೆದುಕೊಂಡೆ.

"ಒಂದೇ ಕಂಡೀಶನ್" ಎಂದರು ಅವರು. "ಆ ಜಿಗಣೆ ಮಾತ್ರ ಬೇಡ."

"ಖಂಡಿತ ಇಲ್ಲ" ಎಂದೆ.

ಶನಿವಾರ ಸಮಾಜಸೇವೆಯ ಪೀರಿಯಡ್ಡಿನಲ್ಲಿ ಅರ್ಧ ತರಗತಿಯನ್ನು ಶೆಡ್ಡು ಗುಡಿಸಲು ಹಚ್ಚಿದೆ. ಇನ್ನರ್ಧವನ್ನು ಬಾಟಲಿ ಕೊಟ್ಟು ಹಳ್ಳಕ್ಕೆ ಕಳಿಸಿದೆ. ಅರ್ಧಕ್ಕೆ ಊಟ ಹಾಕಬೇಕು, ಅರ್ಧಕ್ಕೆ ಹಾಕಬಾರದು ಎಂದು ಎರಡೆರಡು ಸಲ ಹೇಳಿದ್ದೇನೆ.