ತೊರೆಯಾಚೆಯ ಅಕ್ಕ

ರಿಯಾದಿನ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸ್ ಒಬ್ಬಳು ಯುಕ್ರೇನಿನವಳು. ಹಾಸ್ಟೆಲಿನಲ್ಲೂ ನಮ್ಮದು ಒಂದೇ ಕೋಣೆ. ಉಡುಪಿ ಕಡೆಯ ನಾನು ಬಂಗುಡೆ ಹುರಿದರೆ ಅವಳು ಕಿಟಕಿ ತೆರೆಯುತ್ತಿದ್ದಳು; ಅವಳ ಬೀಟ್‌ರೂಟ್ ಸಾರು ಕುದಿಯುವಾಗ ನಾನು ತೆರೆಯುತ್ತಿದ್ದೆ.

ಅವಳ ಊರು ರಷ್ಯಾದ ಗಡಿಯಲ್ಲಿ, ಒಂದು ಸಣ್ಣ ತೊರೆಯ ದಡದಲ್ಲಿತ್ತು. ಅಜ್ಜಿಯ ಕಾಲದಲ್ಲಿ ಸೋವಿಯತ್ ಸರಕಾರದವರು ಮನೆಮನೆಯ ಗೋಧಿ ಹೊತ್ತೊಯ್ದಾಗ ಜನ ಮರದ ತೊಗಟೆ ಬೇಯಿಸಿ ತಿಂದು ಸತ್ತಿದ್ದರಂತೆ. ಆಮೇಲೆ ಜರ್ಮನ್ ಸೈನಿಕರು ಬಂದು ಊರನ್ನೇ ಸುಟ್ಟರು. ಉಳಿದವರು ಮತ್ತೆ ಕಟ್ಟಿಕೊಂಡರು. ಅವಳು ಹುಟ್ಟುವ ಹೊತ್ತಿಗೆ ಎರಡೂ ದಡದ ಮಕ್ಕಳಿಗೆ ಒಂದೇ ಶಾಲೆ, ದನಗಳಿಗೆ ಒಂದೇ ಹುಲ್ಲುಗಾವಲು. ಅಕ್ಕ ಆಚೆ ದಡದ ಟ್ರ್ಯಾಕ್ಟರ್ ಚಾಲಕನನ್ನು ಮದುವೆಯಾದಳು. ಸೋವಿಯತ್ ದೇಶ ಒಡೆದಾಗ ತೊರೆಯೇ ಗಡಿಯಾಯಿತು. ಆದರೂ ಬುಟ್ಟಿ ಹೊತ್ತು ದಾಟುವ ಹೆಂಗಸರನ್ನು ಕಾವಲಿನವರು ಬಹಳ ಕಾಲ ತಡೆಯಲಿಲ್ಲ. ಬೇಲಿ ಬಂದದ್ದು ಆಮೇಲೆ.

ಯುದ್ಧ ಶುರುವಾದಾಗ ಅವಳು ಅಕ್ಕನಿಗೆ ಫೋನ್ ಮಾಡಿದಳು. ಭಾಷೆ ತಿಳಿಯದಿದ್ದರೂ ದನಿ ಏರುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು.

"ನಮ್ಮ ಊರಿನ ಮೇಲೆ ನಾವೇ ಶೆಲ್ ಹಾಕಿಕೊಳ್ಳುತ್ತಿದ್ದೇವಂತೆ. ರಷ್ಯಾದ ಟೀವಿಯಲ್ಲಿ ಹೇಳಿದರಂತೆ," ಎಂದಳು ಫೋನ್ ಇಟ್ಟು. "ಅವಳ ಕಿಟಕಿಯಿಂದ ನಮ್ಮ ಮನೆ ಕಾಣುತ್ತದೆ."

ಅಕ್ಕತಂಗಿಯರ ಮಾತು ಅಲ್ಲಿಗೇ ನಿಂತಿತು.

ಊರು ಖಾಲಿಯಾಯಿತು. ಅವಳ ತಮ್ಮ ಮಾತ್ರ ಹೊರಡಲಿಲ್ಲ. ಜನ ಬಿಟ್ಟುಹೋದ ಹಸುಗಳು ಹಾಲು ಕರೆಯುವವರಿಲ್ಲದೆ ಕೆಚ್ಚಲು ಬಾತು ನರಳುತ್ತಿದ್ದವು; ಅವನು ಮನೆಯಿಂದ ಮನೆಗೆ ಹೋಗಿ ಕರೆಯುತ್ತಿದ್ದ. ಕರೆದ ಹಾಲನ್ನು ಸೈನಿಕರಿಗೆ ಕೊಡುತ್ತಿದ್ದ, ಉಳಿದದ್ದು ನಾಯಿಗಳಿಗೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಕಂಪನಿ ಬಸ್ಸು ಹತ್ತುವಾಗ ಅವಳಿಗೆ ಫೋನ್ ಬಂತು. ಕೇಳುತ್ತ ಕೇಳುತ್ತ ಬಸ್ಸಿನ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. ಅವರ ಮನೆಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಮೇಲೆ ಡ್ರೋನ್ ಬಿದ್ದಿತ್ತು.

ಡ್ರೈವರ್ ಬಂಟ್ವಾಳದ ಬ್ಯಾರಿ. "ಎಂತ ಆಯ್ತು ಸಿಸ್ಟರ್?" ಎಂದು ನನ್ನನ್ನು ಕೇಳಿದರು.

"ಅವಳ ತಮ್ಮ ತೀರಿಕೊಂಡ, ಕಾಕಾ. ಯುದ್ಧದಲ್ಲಿ."

"ಯಾ ಅಲ್ಲಾ... ಕೂತ್ಕೊಳ್ಳಲಿ, ಎಬ್ಬಿಸ್ಬೇಡಿ. ಲೇಟಾದ್ರೆ ಆಫೀಸಲ್ಲಿ ನಾನು ಹೇಳ್ತೇನೆ." ಅವರು ಎಂಜಿನ್ ಆರಿಸಿದರು. ಹಿಂದೆ ಕೂತವರು ಯಾರೂ 'ಯಲ್ಲಾ, ಹೊರಡಿ' ಎನ್ನಲಿಲ್ಲ.

ಆ ಸಂಜೆ ಅಕ್ಕನೇ ಫೋನ್ ಮಾಡಿದಳು. ಇಬ್ಬರೂ ಅತ್ತರು. ನಡುವೆ ಆಡಿದ್ದು ಎರಡೇ ಮಾತು. ಅದನ್ನು ಆಮೇಲೆ ಇವಳು ನನಗೆ ಹೇಳಿದಳು.

"ಹೊಗೆ ಕಂಡಿತು. ನಮ್ಮ ಮನೆ ಅಂತ ಗೊತ್ತಾಯಿತು," ಎಂದಿದ್ದಳು ಅಕ್ಕ.

"ಹಾಕಿದ್ದು ಯಾರು ಅಂತ ಗೊತ್ತಾಯಿತಾ?" ಎಂದು ಇವಳು ಕೇಳಿದ್ದಳು.

ಅಕ್ಕ ಫೋನ್ ಇಟ್ಟಿದ್ದಳು.

ತಮ್ಮನನ್ನು ಊರಿನಲ್ಲಿ ಹೂಳಲಾಗಲಿಲ್ಲ. ಸೈನಿಕರು ದೂರದ ಪಟ್ಟಣಕ್ಕೆ ಒಯ್ದು ಮಣ್ಣು ಮಾಡಿದರು. ಅಕ್ಕನಿಗೂ ತಂಗಿಗೂ ಮುಖ ನೋಡಲು ಸಿಗಲಿಲ್ಲ. ಇಲ್ಲಿ ಸೌದಿಯಲ್ಲಿ ಕ್ರೈಸ್ತರಿಗೆ ಇಗರ್ಜಿ ಇಲ್ಲ, ಬಹಿರಂಗವಾಗಿ ಪ್ರಾರ್ಥಿಸುವಂತೆಯೂ ಇಲ್ಲ. ಕೋಣೆಯ ಬಾಗಿಲು ಹಾಕಿ, ಮೇಣದ ಬತ್ತಿ ಹಚ್ಚಿ, ನಾನು ಕೊಂಕಣಿಯಲ್ಲಿ, ಅವಳು ಅವಳ ಭಾಷೆಯಲ್ಲಿ ಪ್ರಾರ್ಥಿಸಿದೆವು.

"ಅವನನ್ನು ಎತ್ತಿ ಆಡಿಸಿದ್ದು ಅಕ್ಕ. ಅಮ್ಮನಿಗೆ ಪುರುಸೊತ್ತೇ ಇರಲಿಲ್ಲ," ಎಂದಳು ಮುಗಿದ ಮೇಲೆ.

ಅಕ್ಕನಿಗೆ ಒಂದು ಫೋನ್ ಮಾಡು ಎಂದೆ. ಬೇಡ ಎಂದು ತಲೆಯಾಡಿಸಿ, ಮಾರನೆಯ ಡ್ಯೂಟಿಗೆ ಸಮವಸ್ತ್ರ ಇಸ್ತ್ರಿ ಮಾಡಲು ಎದ್ದಳು.